ನಾಯಿಕೊಡೆಯ ಚಿತ್ರಕಾರರು

ಮಳೆಗಾಲ ಹಿಡಿದು ಹದಿನೈದು ದಿನ ಕಳೆಯಿತೆಂದರೆ ನನಗೆ ಒಂದು ಕೆಲಸ ತಪ್ಪಿದ್ದಲ್ಲ. ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಒಣಬಟ್ಟೆಯಿಂದ ರಟ್ಟನ್ನು ಒರೆಸಿ, ಬಿಸಿಲು ಇಣುಕಿದ ಗಳಿಗೆಯಲ್ಲಿ ಜಗಲಿಯ ಮೇಲೆ ಹರಡುವುದು. ಚರ್ಮದ ರಟ್ಟು ಕಟ್ಟಿಸಿದ ಗ್ರಂಥಗಳನ್ನು ಕಂಡರೆ ಬೂಷ್ಟಿಗೆ ವಿಶೇಷವಾದ ಪ್ರೀತಿ. ನಾನು ಓದದೆ ಬಿಟ್ಟ ಪುಸ್ತಕಗಳನ್ನು ಅದು ಮೊದಲು ಓದಿ ಮುಗಿಸುತ್ತದೆ ಎಂದು ಮನೆಯಲ್ಲಿ ಹಾಸ್ಯ ಮಾಡುವುದುಂಟು. ಮೂವತ್ತು ನಲವತ್ತು ಮಳೆಗಾಲ ನಾನು ಈ ಬೂಷ್ಟನ್ನು ಒರೆಸಿದ್ದೇನೆ. ಒಮ್ಮೆಯೂ ಅದನ್ನು ನೋಡಿದವನಲ್ಲ. ಒರೆಸುವುದಕ್ಕೂ ನೋಡುವುದಕ್ಕೂ ನಡುವಣ ಅಂತರವನ್ನು ಕುರಿತೇ ಇಂದು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ನಮ್ಮ ನುಡಿಯನ್ನೇ ತೆಗೆದುಕೊಳ್ಳಿ. ಮಳೆ ಬಿದ್ದ ಮರುದಿನ ಬೆಳಗ್ಗೆ ನೆಲವನ್ನು ಸೀಳಿಕೊಂಡು ಎದ್ದು ನಿಲ್ಲುವ ಆ ಪುಟ್ಟ ಛತ್ರಿಗೆ ನಾವು ಇಟ್ಟ ಹೆಸರು ನಾಯಿಕೊಡೆ. ತಿನ್ನಲು ಬರುವಂಥದಾದರೆ ಅದಕ್ಕೆ ಅಣಬೆ ಎಂಬ ಮರ್ಯಾದೆ. ಮಲೆನಾಡಿನವರು ಹೆಗ್ಗಾಲಣಬೆ, ಕಲ್ಲಣಬೆ ಎಂದು ಬಿಡಿಸಿ ಹೆಸರಿಸುತ್ತಾರೆ. ಕೊಡಗಿನವರು ಕುಮ್ಮು ಎನ್ನುತ್ತಾರೆ. ಗುಡುಗು ಬಂದರೆ ಅಣಬೆ ಏಳುತ್ತದೆಂದು ನಂಬಿ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ಆ ಗುಡುಗಿನ ಮಾತು ಕಾಳಿದಾಸನಲ್ಲಿಯೂ ಇದೆ. ಮೇಘದೂತದ ಯಕ್ಷನು ಮೋಡದ ಗರ್ಜನೆಯನ್ನು ಹೊಗಳುವಾಗ, ಭೂಮಿಯಲ್ಲಿ ಶಿಲೀಂಧ್ರಗಳನ್ನು ಎಬ್ಬಿಸಿ ಅದನ್ನು ಫಲವತಿಯನ್ನಾಗಿ ಮಾಡುವ ಶಕ್ತಿ ಆ ಧ್ವನಿಗಿದೆ ಎನ್ನುತ್ತಾನೆ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಶಿಲೀಂಧ್ರವೆಂದರೆ ಕಂದಲಿ ಎಂದು ಅರ್ಥ ಹೇಳಿದನು. ಅಣಬೆಯೆಂದೇ ಅರ್ಥ ಮಾಡಿದವರೂ ಇದ್ದಾರೆ. ಆ ವಿವಾದ ಪಂಡಿತರಿಗಿರಲಿ. ಇತ್ತ ಮನುಸ್ಮೃತಿಯ ಐದನೆಯ ಅಧ್ಯಾಯವನ್ನು ತೆರೆದರೆ ಬೆಳ್ಳುಳ್ಳಿ, ಈರುಳ್ಳಿಗಳ ಸಾಲಿನಲ್ಲಿಯೇ ಕವಕವನ್ನು, ಎಂದರೆ ಅಣಬೆಯನ್ನು, ದ್ವಿಜರು ತಿನ್ನಬಾರದ್ದೆಂದು ನಿಷೇಧಿಸಲಾಗಿದೆ. ಕವಿಗೆ ಮಣ್ಣಿನ ಫಲವಂತಿಕೆಯ ಗುರುತಾಗಿ ಕಂಡದ್ದು ಶಾಸ್ತ್ರಕಾರನಿಗೆ ಅಶುಚಿಯಾಗಿ ಕಂಡಿತು. ನಮ್ಮಲ್ಲಿ ಬಹುಮಂದಿ ಈ ವಿಷಯದಲ್ಲಿ ಶಾಸ್ತ್ರಕಾರನ ಪಕ್ಷದವರೇ. ನಾನೂ ಹಾಗೆಯೇ ಇದ್ದೆ.

ಒಂದು ಹಳೆಯ ಪ್ರಸಂಗವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಪದವಿ ತರಗತಿಗೆ ಹಳಗನ್ನಡ ಪಾಠ ಹೇಳುತ್ತಿದ್ದ ಕಾಲ. ಮಳೆಗಾಲದ ಒಂದು ಮಧ್ಯಾಹ್ನ, ಕಿಟಕಿಯ ಪಕ್ಕದಲ್ಲಿ ಕುಳಿತ ಒಬ್ಬ ಹುಡುಗಿ ಪುಸ್ತಕವನ್ನು ಮುಚ್ಚಿಟ್ಟು ಟಿಪ್ಪಣಿಯ ಹಾಳೆಯಲ್ಲಿ ಏನನ್ನೋ ಬರೆಯುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ನೆನೆದ ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ನಾಲ್ಕಾರು ಬಿಳಿಯ ಅಣಬೆಗಳು ಎದ್ದಿದ್ದವು. ಅವುಗಳ ಚಿತ್ರವನ್ನು ಆಕೆ ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. “ನೋಡಮ್ಮ, ಇದು ಕನ್ನಡ ತರಗತಿ, ಸಸ್ಯಶಾಸ್ತ್ರದ ತರಗತಿಯಲ್ಲ” ಎಂದೆ. ತರಗತಿಯೆಲ್ಲ ನಕ್ಕಿತು. ಆಕೆ ಎದ್ದು ನಿಂತು ಮೆಲ್ಲನೆ, “ನಾಳೆಗೆ ಇದು ಇರೋದಿಲ್ಲ ಸಾರ್” ಎಂದಳು. ಅದಕ್ಕೂ ನಾನು ಏನೋ ಒಂದು ಹಾಸ್ಯದ ಮಾತು ಹೇಳಿ ಪಾಠಕ್ಕೆ ಮರಳಿದೆ. ಆ ಹುಡುಗಿಯ ಮಾತಿನಲ್ಲಿ ಎಷ್ಟು ಅರ್ಥವಿತ್ತೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅಣಬೆಗಳನ್ನು ಚಿತ್ರಿಸಿದವರ ಚರಿತ್ರೆಯನ್ನು ಓದಿದಾಗ.

ಆ ಚರಿತ್ರೆ ಆರಂಭವಾಗುವುದು, ವಿಚಿತ್ರವೆಂದರೆ, ಬೂಷ್ಟು ಹಿಡಿದ ಒಂದು ಪುಸ್ತಕದಿಂದಲೇ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಮೈಕ್ರೋಗ್ರಾಫಿಯ ಎಂಬ ಗ್ರಂಥವನ್ನು ಪ್ರಕಟಿಸಿದನು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ದೊಡ್ಡ ದೊಡ್ಡ ಚಿತ್ರಗಳಲ್ಲಿ ತೋರಿಸಿದ ಗ್ರಂಥ ಅದು. ದಿನಚರಿಕಾರನಾಗಿ ಪ್ರಸಿದ್ಧನಾದ ಸ್ಯಾಮ್ಯುಯಲ್ ಪೀಪ್ಸನು ಅದನ್ನು ಕೊಂಡು ತಂದು ರಾತ್ರಿ ಎರಡು ಗಂಟೆಯವರೆಗೂ ಓದುತ್ತ ಕುಳಿತನಂತೆ. ಆ ಗ್ರಂಥದಲ್ಲಿ ಒಂದು ಚಿತ್ರಪಟ ಬೂಷ್ಟಿನದು. ಕುರಿಯ ಚರ್ಮದ ಕೆಂಪು ರಟ್ಟಿನ ಒಂದು ಚಿಕ್ಕ ಪುಸ್ತಕದ ಮೇಲೆ ಬಿಳಿಯ ಚುಕ್ಕೆಗಳೆದ್ದಿರುವುದನ್ನು ಹುಕ್ ಕಂಡನು. ನನ್ನಂತೆ ಬಟ್ಟೆಯನ್ನು ತರಲು ಹೋಗದೆ, ಒಂದು ಚುಕ್ಕೆಯನ್ನು ಮಸೂರದ ಕೆಳಗಿಟ್ಟನು. ಕಂಡದ್ದು ಒಂದು ವನ: ನೀಳವಾದ ಕಾಂಡಗಳು, ಅವುಗಳ ತುದಿಯಲ್ಲಿ ಗುಂಡಾದ ತಲೆಗಳು, ಕೆಲವು ತಲೆ ಇಡಿಯಾಗಿವೆ, ಕೆಲವು ಬಿರಿದಿವೆ. ಹುಕ್ ಬಾಲ್ಯದಲ್ಲಿ ಪೀಟರ್ ಲೀಲಿ ಎಂಬ ಖ್ಯಾತ ಚಿತ್ರಕಾರನ ಬಳಿ ಕೆಲಕಾಲ ಇದ್ದವನು. ಅವನ ಕೈ ಪಳಗಿತ್ತು. ಬೂಷ್ಟಿಗೂ ಒಂದು ಆಕಾರವಿದೆ, ಅದು ಬರಿಯ ಕಲೆಯಲ್ಲ, ಬೆಳೆಯುವ ಜೀವವೆಂದು ಜಗತ್ತಿಗೆ ಮೊದಲು ತೋರಿಸಿದ್ದು ಆ ಚಿತ್ರ. ಆದರೆ ಅದರ ಬೀಜ ಎಲ್ಲಿದೆಯೆಂಬುದು ಹುಕ್ಕನಿಗೆ ಹೊಳೆಯಲಿಲ್ಲ. ಕೊಳೆತದ್ದರಿಂದ ತಾನಾಗಿಯೇ ಹುಟ್ಟಿರಬಹುದೆಂದು ಅವನು ಬಗೆದನು.

ಆ ಬೀಜವನ್ನು ಕಂಡವನು ಇಟಲಿಯ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಪಿಯರ್ ಅಂಟೋನಿಯೊ ಮಿಕೇಲಿ. 1729ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಬೂಷ್ಟಿನ ತಲೆಯಲ್ಲಿರುವ ಧೂಳಿನಂಥ ಕಣಗಳನ್ನು ಚಿತ್ರಿಸಿ ತೋರಿಸಿದನು. ಅಷ್ಟಕ್ಕೇ ನಿಲ್ಲಿಸದೆ, ಆ ಧೂಳನ್ನು ಕರಬೂಜದ ಹೋಳಿನ ಮೇಲೆ ಬಿತ್ತಿ ಅದೇ ಜಾತಿಯ ಬೂಷ್ಟನ್ನು ಬೆಳೆದನು. ಇಂದು ನಾವು ಬೀಜಾಣು ಎಂದು ಕರೆಯುವುದು ಇದನ್ನೇ. ಅವನು ಕೊಟ್ಟ ಹೆಸರುಗಳಲ್ಲಿ ಕವಿಯ ಕಣ್ಣು ಕಾಣುತ್ತದೆ. ಒಂದು ಬೂಷ್ಟಿನ ತುದಿ, ಇಗರ್ಜಿಯಲ್ಲಿ ಪಾದ್ರಿಯು ತೀರ್ಥವನ್ನು ಚಿಮುಕಿಸುವ ಸಾಧನದಂತೆ ಕಂಡಿತು. ಆ ಸಾಧನದ ಹೆಸರಿನಿಂದ ಅದನ್ನು ಆಸ್ಪರ್ಜಿಲಸ್ ಎಂದು ಕರೆದನು. ಮತ್ತೊಂದು ದ್ರಾಕ್ಷಿಯ ಗೊಂಚಲಿನಂತೆ ಕಂಡಿತು. ಗ್ರೀಕ್ ಭಾಷೆಯಲ್ಲಿ ಗೊಂಚಲಿಗಿರುವ ಮಾತಿನಿಂದ ಅದು ಬೊಟ್ರೈಟಿಸ್ ಆಯಿತು. ನಮ್ಮ ಆಲಂಕಾರಿಕರು ಉಪಮೆಯನ್ನು ಕಾವ್ಯದ ಅಲಂಕಾರವೆಂದರು. ಇಲ್ಲಿ ಉಪಮೆ ಶಾಸ್ತ್ರದ ಹೆಸರೇ ಆಗಿ ಸುಮಾರು ಮುನ್ನೂರು ವರ್ಷಗಳಿಂದ ಬಾಳಿದೆ.

ಹೀಗೆ ಬೂಷ್ಟಿನ ವಿಷಯದಲ್ಲಿ ಚಿತ್ರವು ಸೂಕ್ಷ್ಮದರ್ಶಕದ ಜೊತೆಗಾರನಾಗಿ ಬಂತು. ಬರಿಗಣ್ಣಿಗೆ ಕಾಣುವ ಅಣಬೆಯ ವಿಷಯದಲ್ಲಿ ಅದರ ಅಗತ್ಯ ಇನ್ನೂ ಹೆಚ್ಚಿನದು, ಅದಕ್ಕೆ ಕಾರಣವಿದೆ. ಹೂವನ್ನೋ ಎಲೆಯನ್ನೋ ಕಾಗದದ ನಡುವೆ ಒತ್ತಿ ಒಣಗಿಸಿಟ್ಟರೆ ನೂರು ವರ್ಷದ ಮೇಲೂ ಅದರ ರೂಪವನ್ನು ಗುರುತಿಸಬಹುದು. ಅಣಬೆ ಹಾಗಲ್ಲ. ನಾವು ಅಣಬೆಯೆನ್ನುವುದು ಆ ಜೀವಿಯ ಫಲ ಮಾತ್ರ. ಅದರ ಒಡಲು ನೂಲಿನಂಥ ಎಳೆಗಳಾಗಿ ಮಣ್ಣಿನಲ್ಲಿಯೋ ಮರದಲ್ಲಿಯೋ ಹರಡಿಕೊಂಡಿರುತ್ತದೆ. ಬೀಜಾಣುಗಳನ್ನು ಗಾಳಿಗೆ ತೂರುವುದಷ್ಟೇ ಈ ಫಲದ ಕೆಲಸ. ಮೈಯಲ್ಲಿ ಬಹುಪಾಲು ನೀರು. ಕಿತ್ತ ಕೆಲವು ಗಂಟೆಗಳಲ್ಲಿಯೇ ಬಣ್ಣ ಬದಲಾಗುತ್ತದೆ, ಟೋಪಿ ಸುಕ್ಕುಗಟ್ಟುತ್ತದೆ, ಹುಳು ಹತ್ತುತ್ತದೆ. ಒಣಗಿಸಿಟ್ಟರೆ ಉಳಿಯುವುದು ಒಂದು ಕಂದು ಚಕ್ಕೆ. ಆದ್ದರಿಂದ ಬಣ್ಣದ ಛಾಯಾಚಿತ್ರ ಬರುವುದಕ್ಕೆ ಮೊದಲು, ಅಣಬೆಯೊಂದು ಬದುಕಿದ್ದಾಗ ಹೇಗಿತ್ತೆಂಬುದಕ್ಕೆ ಅದರ ಮುಂದೆ ಕುಳಿತು ಬಣ್ಣ ಹಾಕಿದವನ ಚಿತ್ರವೇ ಸಾಕ್ಷಿ. ನನ್ನ ವಿದ್ಯಾರ್ಥಿನಿ ಹೇಳಿದ್ದು ಇದನ್ನೇ.

ಹಾಗೆ ಕುಳಿತವರಲ್ಲಿ ಒಬ್ಬಳ ಹೆಸರು ನಿಮ್ಮ ಮೊಮ್ಮಕ್ಕಳಿಗೂ ಗೊತ್ತಿರಬಹುದು. ಪೀಟರ್ ಎಂಬ ಮೊಲದ ಕಥೆ ಬರೆದ ಬೀಟ್ರಿಕ್ಸ್ ಪಾಟರ್ ಆಕೆ. 1866ರಲ್ಲಿ ಲಂಡನ್ನಿನ ಅನುಕೂಲಸ್ಥ ಕುಟುಂಬದಲ್ಲಿ ಹುಟ್ಟಿದಳು. ಶಾಲೆಗೆ ಹೋದವಳಲ್ಲ, ಮನೆಯಲ್ಲಿಯೇ ಪಾಠ. ಬೇಸಗೆಯಲ್ಲಿ ಕುಟುಂಬದೊಡನೆ ಸ್ಕಾಟ್ಲೆಂಡಿಗೆ ಹೋದಾಗ ಅಲ್ಲಿನ ಕಾಡುಗಳಲ್ಲಿ ಅಣಬೆಗಳನ್ನು ಕಂಡು ಮರುಳಾದಳು. ಅಲ್ಲಿ ಆಕೆಗೆ ದೊರೆತ ಗುರು ಒಬ್ಬ ಅಂಚೆಯವನು. ಚಾರ್ಲ್ಸ್ ಮೆಕಿಂಟಾಷ್ ಎಂಬ ಆತ ಪರ್ತ್‌ಶೈರಿನ ಹಳ್ಳಿಗಳಿಗೆ ಕಾಗದ ಹಂಚಲು ಮೈಲಿಗಟ್ಟಲೆ ನಡೆಯುತ್ತ, ದಾರಿಯ ಪಾಚಿ, ಜರೀಗಿಡ, ಅಣಬೆಗಳನ್ನೆಲ್ಲ ಗುರುತಿಸಿಟ್ಟುಕೊಂಡಿದ್ದನು. ಮರ ಕೊಯ್ಯುವ ಕಾರ್ಖಾನೆಯ ಅಪಘಾತದಲ್ಲಿ ಎಡಗೈಯ ಬೆರಳುಗಳನ್ನು ಕಳೆದುಕೊಂಡಿದ್ದವನು; ನಾಚಿಕೆಯ ಸ್ವಭಾವದವನು. 1892ರಲ್ಲಿ ಇಬ್ಬರ ಭೇಟಿಯಾಯಿತು. ಮುಂದೆ ಆತ ಅಣಬೆಗಳನ್ನು ಅಂಚೆಯಲ್ಲಿ ಲಂಡನ್ನಿಗೆ ಕಳುಹಿಸುವನು. ಆಕೆ ಬಾಡುವ ಮುನ್ನ ಜಲವರ್ಣದಲ್ಲಿ ಚಿತ್ರ ಬರೆದು, ಒಂದು ಪ್ರತಿಯನ್ನು ಆತನಿಗೆ ಕಳುಹಿಸುವಳು. ಚಿತ್ರ ಚೆಲುವಾಗಿದ್ದರೆ ಸಾಲದು, ಅಣಬೆಯನ್ನು ಸೀಳಿ ಒಳಭಾಗವನ್ನೂ ಬೇರೆಯಾಗಿ ಬರೆಯಬೇಕು, ಟೋಪಿಯ ಕೆಳಗಿನ ಪದರಗಳು ಕಾಂಡಕ್ಕೆ ಹೇಗೆ ಸೇರಿವೆಯೆಂದು ತೋರಿಸಬೇಕು ಎಂದು ಆತ ತಿಳಿಸಿದನು. ಆಕೆ ಹಾಗೆಯೇ ಮಾಡಿದಳು. ಸಿರಿವಂತರ ಮನೆಯ ಹೆಣ್ಣುಮಗಳೊಬ್ಬಳು ಅಂಚೆಯವನಿಂದ ಪಾಠ ಹೇಳಿಸಿಕೊಂಡದ್ದು ಆ ಕಾಲಕ್ಕೆ ಚಿಕ್ಕ ಮಾತಲ್ಲ.

ಆ ಚಿತ್ರಗಳ ಅಚ್ಚುಪ್ರತಿಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಆಡಂಬರವಿಲ್ಲ. ಅಣಬೆಯ ಬುಡದಲ್ಲಿ ಅಂಟಿದ ಪಾಚಿ, ಒಂದೆರಡು ಒಣಗಿದ ಎಲೆ, ಗೊಂಡೆಹುಳು ಕಚ್ಚಿದ ಗುರುತು ಎಲ್ಲವೂ ಇದ್ದಂತೆಯೇ ಇವೆ. ಪೈನ್ ಮರದ ಕಾಯಿಯಂತೆ ಕಪ್ಪು ಚಕ್ಕೆಗಳನ್ನು ಹೊದ್ದ, ಇಂಗ್ಲಿಷರು ಕಾಡಿನ ಮುದುಕನೆಂದು ಕರೆಯುವ ಅಪರೂಪದ ಒಂದು ಅಣಬೆಯನ್ನು ಆಕೆ ಚಿತ್ರಿಸಿದ್ದು 1893ರಲ್ಲಿ, ಡಂಕೆಲ್ಡ್ ಎಂಬ ಊರಿನಲ್ಲಿ. ಅದೇ ವರ್ಷ, ಅದೇ ಊರಿನಿಂದ, ಕಾಯಿಲೆ ಬಿದ್ದಿದ್ದ ಪರಿಚಿತರ ಮಗುವೊಂದಕ್ಕೆ ಬರೆದ ಕಾಗದದಲ್ಲಿ ಪೀಟರ್ ಮೊಲದ ಕಥೆ ಹುಟ್ಟಿತು. ಒಂದೇ ಕುಂಚ ಎರಡನ್ನೂ ಬರೆಯಿತು. ಲೋಕ ಮೊಲವನ್ನು ಕೈಹಿಡಿದು ಅಣಬೆಯನ್ನು ಮರೆಯಿತು.

ಚಿತ್ರ ಬರೆಯುತ್ತ ಬರೆಯುತ್ತ ಆಕೆಗೆ ಪ್ರಶ್ನೆಗಳು ಹುಟ್ಟಿದವು. ಈ ಧೂಳಿನಂಥ ಬೀಜಾಣು ಮೊಳೆಯುವುದು ಹೇಗೆ? ಗಾಜಿನ ಪಟ್ಟಿಯ ಮೇಲೆ ಬೀಜಾಣುಗಳನ್ನು ಮೊಳೆಯಿಸಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹಂತ ಹಂತವಾಗಿ ಚಿತ್ರಿಸಿದಳು. ಆಕೆಯ ಸೋದರತ್ತೆಯ ಗಂಡ, ಪ್ರಸಿದ್ಧ ರಸಾಯನ ವಿಜ್ಞಾನಿ ಸರ್ ಹೆನ್ರಿ ರಾಸ್ಕೊ, 1896ರಲ್ಲಿ ಆಕೆಯನ್ನು ಕ್ಯೂ ಸಸ್ಯೋದ್ಯಾನಕ್ಕೆ ಕರೆದೊಯ್ದನು. ನಿರ್ದೇಶಕನಾಗಿದ್ದ ವಿಲಿಯಂ ಥಿಸಲ್ಟನ್ ಡೈಯರ್ ಆಕೆಯ ಕೆಲಸಕ್ಕೆ ಬೆಲೆ ಕೊಡಲಿಲ್ಲ. ಮುಂದೆ ಅವನು ಬರೆದ ಒಂದು ಪತ್ರ ಎಷ್ಟು ಒರಟಾಗಿತ್ತೆಂದರೆ ರಾಸ್ಕೊ ಅದನ್ನು ಆಕೆಗೆ ತೋರಿಸಲೇ ಇಲ್ಲ. ಆದರೆ ಅಲ್ಲಿಯೇ ಇದ್ದ ಶಿಲೀಂಧ್ರಶಾಸ್ತ್ರಜ್ಞ ಜಾರ್ಜ್ ಮೆಸ್ಸಿ ಮೊದಲು ಸಂದೇಹಪಟ್ಟರೂ ಬರಬರುತ್ತ ಆಕೆಯ ಕಡೆಗೆ ಒಲಿದನು. 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯ ಸಭೆಯಲ್ಲಿ ಅಣಬೆಯ ಬೀಜಾಣುಗಳು ಮೊಳೆಯುವುದನ್ನು ಕುರಿತ ಆಕೆಯ ಪ್ರಬಂಧವನ್ನು ಮಂಡಿಸಿದವನು ಅವನೇ. ಸಭೆಯಲ್ಲಿ ಆಕೆ ಇರಲಿಲ್ಲ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇನ್ನೂ ಕೆಲಸ ನಡೆಯಬೇಕೆಂಬ ಅಭಿಪ್ರಾಯ ಬಂದು, ಪ್ರಬಂಧವನ್ನು ಅಚ್ಚು ಮಾಡಿಸದೆ ಹಿಂದಕ್ಕೆ ತೆಗೆದುಕೊಳ್ಳಲಾಯಿತು. ಆ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಚುನಾಯಿಸಿದ್ದು 1904ರಲ್ಲಿ. ಅಷ್ಟು ಹೊತ್ತಿಗೆ, 1902ರಲ್ಲಿಯೇ ಮೊಲದ ಕಥೆ ಅಚ್ಚಾಗಿ ಆಕೆ ಬೇರೆಯ ದಾರಿ ಹಿಡಿದಿದ್ದಳು.

ಮುಂದಿನ ಸಂಗತಿಯನ್ನು ಗಮನಿಸಬೇಕು. ಆ ಪ್ರಬಂಧ ಕಳೆದುಹೋಗಿದೆ, ಚಿತ್ರಗಳು ಉಳಿದಿವೆ. ಮುನ್ನೂರಕ್ಕೂ ಹೆಚ್ಚಿನ ಆ ಚಿತ್ರಗಳಲ್ಲಿ ಬಹುಪಾಲನ್ನು ಆಕೆ ಆಂಬಲ್‌ಸೈಡ್ ಎಂಬ ಊರಿನ ಆರ್ಮಿಟ್ ಗ್ರಂಥಾಲಯಕ್ಕೆ ಸೇರುವಂತೆ ಮಾಡಿದಳು. 1943ರಲ್ಲಿ ಆಕೆ ತೀರಿಕೊಂಡಳು. 1967ರಲ್ಲಿ ಶಿಲೀಂಧ್ರತಜ್ಞ ಫಿಂಡ್ಲೆ ಎಂಬವರು ಬ್ರಿಟನ್ನಿನ ಅಣಬೆಗಳನ್ನು ಕುರಿತು ಪುಸ್ತಕ ಬರೆದಾಗ, ಚಿತ್ರಗಳಿಗಾಗಿ ಅವರು ತೆಗೆದುಕೊಂಡದ್ದು ಎಪ್ಪತ್ತು ವರ್ಷ ಹಳೆಯವಾದ ಇವನ್ನೇ; ಐವತ್ತಕ್ಕೂ ಹೆಚ್ಚು ಚಿತ್ರಗಳು ಅದರಲ್ಲಿ ಸೇರಿದವು. ಪ್ರಬಂಧ ಮಂಡಿತವಾಗಿ ನೂರು ವರ್ಷ ತುಂಬಿದ 1997ರಲ್ಲಿ ಲಿನಿಯನ್ ಸೊಸೈಟಿ ಆಕೆಗೆ ನ್ಯಾಯ ಸಲ್ಲಲಿಲ್ಲವೆಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಕೇಳಬೇಕಾದ ಕಿವಿ ಆಗ ಇರಲಿಲ್ಲ.

ಸಾಗರದ ಆಚೆ ಅಮೆರಿಕದಲ್ಲಿ ಇಂಥದೇ ಇನ್ನೊಂದು ಬಾಳು. ಮೇರಿಲೆಂಡ್ ಪ್ರಾಂತದ ಮೇರಿ ಬ್ಯಾನಿಂಗ್ ಎಂಬಾಕೆ, ಕಾಯಿಲೆಯ ತಾಯಿಯನ್ನೂ ಅಕ್ಕನನ್ನೂ ನೋಡಿಕೊಳ್ಳುತ್ತ, ಬಿಡುವಾದಾಗ ಅಣಬೆ ಹುಡುಕಿ, 1868ರಿಂದ ಇಪ್ಪತ್ತು ವರ್ಷ ಕುಳಿತು 170ಕ್ಕೂ ಹೆಚ್ಚು ಜಲವರ್ಣ ಚಿತ್ರಗಳ ಒಂದು ಹಸ್ತಪ್ರತಿಯನ್ನು ಸಿದ್ಧಪಡಿಸಿದಳು. ಅಚ್ಚು ಹಾಕಿಸುವ ಶಕ್ತಿ ಇಲ್ಲದೆ, 1890ರಲ್ಲಿ ಅದನ್ನು ನ್ಯೂಯಾರ್ಕ್ ರಾಜ್ಯದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪೆಕ್ಕನಿಗೆ ಕಳುಹಿಸಿದಳು. ಕಾಗದದ ಮೂಲಕ ಆಕೆಗೆ ವರ್ಷಗಟ್ಟಲೆ ನೆರವಾಗಿದ್ದವನು ಅವನು. ಆ ಗ್ರಂಥ ಅಲ್ಬನಿಯ ವಸ್ತುಸಂಗ್ರಹಾಲಯದ ಒಂದು ಖಾನೆಯಲ್ಲಿ ಸುಮಾರು ತೊಂಬತ್ತು ವರ್ಷ ಮಲಗಿತ್ತು. ಜನ ಅದನ್ನು ನೋಡಿದ್ದು 1980ರ ದಶಕದಲ್ಲಿ. ಬೆಳಕು ಬೀಳದೆ ಮಲಗಿದ್ದರಿಂದ ಬಣ್ಣ ಮಾಸಿರಲಿಲ್ಲವಂತೆ. ಮರೆವಿಗೂ ಇಂಥ ಒಂದು ಉಪಕಾರ ಮಾಡಲು ಬರುತ್ತದೆ.

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಇದೆಲ್ಲ ಹೊಟ್ಟೆ ತುಂಬಿದವರ ಮಾತು, ಅಡಕೆ ತೋಟದವನಿಗೂ ಕಾಫಿ ತೋಟದವನಿಗೂ ಶಿಲೀಂಧ್ರವೆಂದರೆ ಮನೆ ಮುಳುಗಿಸುವ ವೈರಿಯಲ್ಲವೆ? ನಿಜ. ಆದರೆ ಆ ವೈರಿಯ ಗುರುತು ಹಿಡಿದವರೂ ನೋಡಿ ಚಿತ್ರಿಸುವ ಅಭ್ಯಾಸದವರೇ. ನಮ್ಮ ಕನ್ನಡದ ಒಂದು ಮಾತು ಶಿಲೀಂಧ್ರಶಾಸ್ತ್ರದ ಲ್ಯಾಟಿನ್ ಹೆಸರುಗಳ ನಡುವೆ ಹೋಗಿ ಕುಳಿತಿದೆ ಎಂಬುದು ಬಹುಮಂದಿಗೆ ತಿಳಿಯದು. ಕಾಫಿಯ ಎಲೆಗಳನ್ನು ಕಪ್ಪಾಗಿಸಿ ಉದುರಿಸುವ ರೋಗವನ್ನು ನಮ್ಮ ಬೆಳೆಗಾರರು ಕೊಳೆರೋಗ ಎನ್ನುತ್ತಿದ್ದರು. ಮೈಸೂರು ಸೀಮೆಯ ಕಾಫಿಗೆ ತಗಲಿದ ಈ ರೋಗದ ಶಿಲೀಂಧ್ರವನ್ನು 1876ರಲ್ಲಿ ವರ್ಣಿಸಿದವನು ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಮಾರ್ಡೆಕೈ ಕ್ಯುಬಿಟ್ ಕುಕ್. ಅವನು ಅದಕ್ಕೆ ಇಟ್ಟ ಹೆಸರು ಪೆಲಿಕ್ಯುಲೇರಿಯ ಕೊಳೆರೋಗ. ಮುಂದೆ 1881ರಿಂದ ಹತ್ತು ವರ್ಷ, ಬ್ರಿಟನ್ನಿನ ಅಣಬೆಗಳ ಸಾವಿರಕ್ಕೂ ಮೀರಿದ ಬಣ್ಣದ ಚಿತ್ರಪಟಗಳನ್ನು ಎಂಟು ಸಂಪುಟಗಳಲ್ಲಿ ಹೊರತಂದವನೂ ಇದೇ ಕುಕ್. ರೋಗ ಕಂಡ ಕಣ್ಣೂ ಚೆಲುವು ಕಂಡ ಕಣ್ಣೂ ಒಂದೇ ಮುಖದಲ್ಲಿದ್ದವು.

ಅಡಕೆಯ ಕೊಳೆರೋಗದ ಕಥೆ ಬೇರೆ. ಅದರ ಕಾರಣವನ್ನು ವಿವರಿಸಿ 1910ರಲ್ಲಿ ವರದಿ ಬರೆದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗೆ ಸಿಂಪಡಿಸುವ ಪದ್ಧತಿಯನ್ನು ಅವರು ತೋಟಗಳಿಗೆ ತಂದರು. ಆ ರೋಗಕಾರಕವನ್ನು ಇಂದಿನ ವಿಜ್ಞಾನ ಶಿಲೀಂಧ್ರಗಳ ಸಾಲಿನಿಂದ ಹೊರಗಿಟ್ಟಿದೆ. ಆದರೂ ತೋಟದವರು ಇಂದಿಗೂ ಬೋರ್ಡೊ ಹೊಡೆಯುತ್ತಾರೆ. ಹತ್ತಿರದಿಂದ ನೋಡಿದವರಿಗೆ ಮಾತ್ರ ಮದ್ದೂ ಸಿಕ್ಕಿತು. ಅಸಹ್ಯಪಟ್ಟು ಮುಖ ತಿರುಗಿಸಿದವರಿಗೆ ಚೆಲುವೂ ಸಿಕ್ಕಲಿಲ್ಲ, ಮದ್ದೂ ಸಿಕ್ಕಲಿಲ್ಲ.

ಇಷ್ಟನ್ನೂ ಓದಿ ತಿಳಿದ ಮೇಲೆ, ಈ ಸಲದ ಮಳೆಗಾಲದಲ್ಲಿ ನನ್ನ ಕಪಾಟಿನ ಮುಂದೆ ನಿಂತಾಗ ಕೈಯಲ್ಲಿ ಬಟ್ಟೆಯ ಜೊತೆಗೆ ಒಂದು ಭೂತಗನ್ನಡಿಯನ್ನೂ ಹಿಡಿದಿದ್ದೆ. ನಿಘಂಟಿನ ಚರ್ಮದ ರಟ್ಟಿನ ಮೇಲೆ ನಾಲ್ಕಾಣೆಯಷ್ಟಗಲದ ಒಂದು ಮಚ್ಚೆ ಎದ್ದಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಚಿನಲ್ಲಿ ಬೆಳ್ಳಗೆ, ಹತ್ತಿಯ ಎಳೆಯಂತೆ ನವಿರು. ಒಳಗೆ ಹೋದಂತೆ ಬೂದುಬಣ್ಣ. ನಟ್ಟನಡುವೆ, ಮಳೆಗೆ ತೊಳೆದ ಎಲೆಯಂಥ ಹಸುರು, ಅದರ ಮೇಲೆ ಉದುರಿಸಿದಂಥ ಪುಡಿ. ಚಿತ್ರ ಬರೆಯೋಣವೆಂದು ಪೆನ್ಸಿಲ್ ತೆಗೆದುಕೊಂಡೆ. ಬರೆಯಲು ಕುಳಿತ ಮೇಲೆ ತಾನೆ ಗೊತ್ತಾಗುವುದು, ನಾವು ಎಷ್ಟು ಕಡಿಮೆ ನೋಡಿರುತ್ತೇವೆಂದು. ಒಂದು ಗಂಟೆ ತಿಣುಕಿದರೂ ನನ್ನ ಹಾಳೆಯ ಮೇಲೆ ಮೂಡಿದ್ದು ಒಂದು ದೋಸೆಯ ಆಕಾರ.

ಆಗ ಆ ಹುಡುಗಿಯ ನೆನಪಾಯಿತು. ಆಕೆಯ ಹಾಳೆಯಲ್ಲಿ ಅಣಬೆಯ ಟೋಪಿಯ ಕೆಳಗಿನ ಒಂದೊಂದು ಪದರವೂ ಬೇರೆಯಾಗಿ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ನನಗೆ ಈಗಲೂ ನೆನಪಿದೆಯೆಂದರೆ, ಅಂದು ನಾನು ಅದನ್ನು ನೋಡಿದ್ದೆ, ನೋಡಿಯೂ ನಕ್ಕಿದ್ದೆ. ಆ ಹಾಳೆಯನ್ನು ಆಕೆ ಹರಿದು ಹಾಕಿರದಿರಲಿ ಎಂಬುದಷ್ಟೇ ನನ್ನ ಹಾರೈಕೆ. ತರಗತಿಯಲ್ಲಿ ಮಕ್ಕಳು ಕಿಟಕಿಯಾಚೆ ನೋಡುತ್ತ ಏನನ್ನಾದರೂ ಬರೆಯುತ್ತಿದ್ದರೆ, ಗದರಿಸುವ ಮುನ್ನ ಒಮ್ಮೆ ಆ ಹಾಳೆಯನ್ನು ಸರಿಯಾಗಿ ನೋಡಿರೆಂದು ನನ್ನ ವೃತ್ತಿಯ ಬಂಧುಗಳಲ್ಲಿ ವಿನಂತಿ.

ನಿಘಂಟಿನ ಮೇಲಿನ ಬೂಷ್ಟನ್ನು ಏನು ಮಾಡಿದೆನೆಂದು ಕೇಳುತ್ತೀರಾ? ಒರೆಸಿದೆ. ಪುಸ್ತಕ ಉಳಿಯಬೇಕಲ್ಲ. ಆದರೆ ನೋಡಿದ ಮೇಲೆ ಒರೆಸಿದೆ.

(ಬಾನುಲಿ ಭಾಷಣ)